ನಾಳೆಯ ಹೊಲಕ್ಕೆ ಇಂದಿನ ಸಭೆ

ಹಸುವಿನ ತೇಗಿಗೆ ತೆರಿಗೆ ಹಾಕಲು ಹೊರಟ ದೇಶ ಎಂದು 2024ರ ಜೂನ್ ತಿಂಗಳಲ್ಲಿ ಡೆನ್ಮಾರ್ಕ್ ಜಗತ್ತಿಗೆಲ್ಲ ಸುದ್ದಿಯಾಯಿತು. ಓದಿದ ನಮ್ಮ ಕಡೆಯ ಹಾಲು ಉತ್ಪಾದಕರಲ್ಲಿ ಕೆಲವರು ನಕ್ಕರು. ಇನ್ನು ಕೆಲವರು, ಇದು ನಾಳೆ ನಮ್ಮ ಕೊಟ್ಟಿಗೆಗೂ ಬಂದೀತು ಎಂದು ಹುಬ್ಬು ಗಂಟಿಕ್ಕಿದರು. ನನ್ನನ್ನು ಕಾಡಿದ್ದು ಸುದ್ದಿಯ ಕೊನೆಗೆ ಸಣ್ಣದಾಗಿ ಬಂದಿದ್ದ ಒಂದು ಸಂಗತಿ: ಆ ಒಪ್ಪಂದಕ್ಕೆ ರೈತರ ಸಂಘಟನೆಯೂ ಸಹಿ ಹಾಕಿತ್ತು. ಅದೇ ವರ್ಷದ ಆರಂಭದಲ್ಲಿ ಪ್ಯಾರಿಸ್, ಬರ್ಲಿನ್, ಬ್ರಸೆಲ್ಸ್ ನಗರಗಳ ಬೀದಿಗಳನ್ನು ರೈತರ ಟ್ರ್ಯಾಕ್ಟರುಗಳು ಕಟ್ಟಿಹಾಕಿದ್ದವು. ಪಕ್ಕದ ಮನೆಗಳಲ್ಲಿ ಅಷ್ಟು ಗದ್ದಲ ನಡೆಯುತ್ತಿದ್ದಾಗ ಈ ಮನೆಯವರು ಲೆಕ್ಕದ ಪುಸ್ತಕ ಹಿಡಿದು ಮಾತುಕತೆಗೆ ಕೂತದ್ದು ಹೇಗೆ?

2025ರ ಬೇಸಿಗೆಯಲ್ಲಿ ಡೆನ್ಮಾರ್ಕಿನ ಪರ್ಯಾಯದ್ವೀಪವಾದ ಜಟ್‌ಲೆಂಡಿನ ಪಶ್ಚಿಮ ಕರಾವಳಿಯಿಂದ ಪೂರ್ವದ ಸಾಮ್ಸೊ ದ್ವೀಪದವರೆಗೆ ಅಡ್ಡಾಡುತ್ತ, ಸಿಕ್ಕ ರೈತರಿಗೆಲ್ಲ ಒಂದೇ ಪ್ರಶ್ನೆ ಕೇಳಿದೆ. ಇನ್ನು ಇಪ್ಪತ್ತು ವರ್ಷಕ್ಕೆ ಈ ಹೊಲದಲ್ಲಿ ಏನಿರುತ್ತದೆ? ಬೆಳೆ ಯಾವುದು, ಯಂತ್ರ ಯಾವುದು ಎಂದು ತಿಳಿಯುವುದು ನನ್ನ ಉದ್ದೇಶವಾಗಿತ್ತು. ಹೆಚ್ಚಿನವರು ಉತ್ತರ ಆರಂಭಿಸಿದ್ದು ಯಾರಿರುತ್ತಾರೆ ಎಂಬಲ್ಲಿಂದ.

ಡೆನ್ಮಾರ್ಕಿನಲ್ಲಿ ಬೆಟ್ಟವಿಲ್ಲ. ದೇಶದ ಅತಿ ಎತ್ತರದ ನೆಲ ಸಮುದ್ರಮಟ್ಟದಿಂದ 171 ಮೀಟರ್ ಮೇಲಿದೆ, ಅಷ್ಟೆ. ಎಲ್ಲಿಂದ ಹೊರಟರೂ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಕಡಲು ಸಿಗುತ್ತದೆ. ಕರ್ನಾಟಕದ ಕಾಲು ಭಾಗಕ್ಕಿಂತ ಚಿಕ್ಕದಾದ ಈ ನೆಲದಲ್ಲಿ ಶೇಕಡಾ 60ರಷ್ಟು ಸಾಗುವಳಿ ಭೂಮಿ. ಇಷ್ಟು ಪಾಲು ನೆಲವನ್ನು ಉಳುವ ದೇಶಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು. ರೈಲಿನ ಕಿಟಕಿಯಾಚೆ ಬಾರ್ಲಿ, ಗೋಧಿ, ಮತ್ತೆ ಬಾರ್ಲಿ. ಹಗಲು ಮುಗಿಯುವುದೇ ಇಲ್ಲ. ರಾತ್ರಿ ಹತ್ತು ಗಂಟೆಗೂ ತೆನೆಗಳ ಮೇಲೆ ಬಿಸಿಲು. ನಮ್ಮ ಕಡೆಯಿಂದ ಹೋದವರ ಕಣ್ಣಿಗೆ ಬೇಗ ಬೀಳುವುದು ಮಾತ್ರ ಆ ಹೊಲಗಳಲ್ಲಿ ಮನುಷ್ಯರೇ ಇಲ್ಲದಿರುವುದು. ಕಳೆ ಕೀಳುವವರ ಸಾಲಿಲ್ಲ, ಬದುವಿನ ಮೇಲೆ ಬುತ್ತಿ ಬಿಚ್ಚಿದವರಿಲ್ಲ. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಸುಮಾರು ಎರಡು ಲಕ್ಷ ಹಿಡುವಳಿಗಳಿದ್ದ ದೇಶದಲ್ಲಿ ಈಗ ಉಳಿದಿರುವುದು ಮೂವತ್ತು ಸಾವಿರದ ಆಸುಪಾಸು. ಅವುಗಳ ಒಡೆಯರಲ್ಲೂ ಕೃಷಿಯನ್ನೇ ನಂಬಿ ಬದುಕುವವರು ಇನ್ನೂ ಕಡಿಮೆ.

ಪಶ್ಚಿಮ ಜಟ್‌ಲೆಂಡಿನ ಮಣ್ಣು ಮರಳು ಮಿಶ್ರಿತ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಮೈಲುಗಟ್ಟಲೆ ಕುರುಚಲು ಬಯಲು ಹಬ್ಬಿತ್ತು. 1864ರಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾಗಳೆದುರು ಸೋತು ದಕ್ಷಿಣದ ಫಲವತ್ತಾದ ಪ್ರಾಂತ್ಯಗಳನ್ನು ಕಳೆದುಕೊಂಡ ಡೆನ್ಮಾರ್ಕ್, ಹೊರಗೆ ಹೋದದ್ದನ್ನು ಒಳಗೇ ಗಳಿಸಬೇಕೆಂದು ಈ ಬಂಜರಿನ ಕಡೆ ತಿರುಗಿತು. ಎನ್ರಿಕೊ ದಲ್ಗಾಸ್ ಎಂಬ ಸೇನಾ ಎಂಜಿನಿಯರ್ ಮುಂದಾಳುತನದಲ್ಲಿ 1866ರಲ್ಲಿ ಬಂಜರು ಸುಧಾರಣಾ ಸಂಘ ಹುಟ್ಟಿತು. ಪಶ್ಚಿಮದ ಗಾಳಿಗೆ ಅಡ್ಡಲಾಗಿ ಮರಗಳ ಸಾಲು ನೆಟ್ಟು, ಮಣ್ಣಿಗೆ ಸುಣ್ಣಜೇಡಿ ಬೆರೆಸಿ, ನೀರು ಹಾಯಿಸಿ ಹೊಲ ಮಾಡಿದರು. ಇಂದು ಬಸ್ಸಿನಿಂದ ಕಾಣುವ ಆ ಗಾಳಿತಡೆ ಸಾಲುಗಳೆಲ್ಲ ಮನುಷ್ಯರೇ ನೆಟ್ಟವು. ಈ ದೇಶದಲ್ಲಿ ತಾನಾಗಿ ಆದ ಭೂದೃಶ್ಯ ಸಿಗುವುದು ಕಷ್ಟ.

ಓಲ್ಗೊ ಪಟ್ಟಣದ ಹತ್ತಿರದ ಯೆಡ್ಡಿಂಗ್ ಎಂಬ ಹಳ್ಳಿಯನ್ನು ಹುಡುಕಿಕೊಂಡು ಹೋದೆ. ಡೆನ್ಮಾರ್ಕಿನ ಮೊದಲ ಸಹಕಾರಿ ಡೈರಿ 1882ರಲ್ಲಿ ಕೆಲಸ ಆರಂಭಿಸಿದ್ದು ಇಲ್ಲಿ. ಈಗ ಅದೊಂದು ಪುಟ್ಟ ವಸ್ತುಸಂಗ್ರಹಾಲಯ. ಅದರ ಹಿಂದಿನ ಕಥೆಯನ್ನು ಇಲ್ಲಿಯ ರೈತರು ಇಂದಿಗೂ ತಮ್ಮ ಮನೆತನದ ಕಥೆಯಂತೆ ಹೇಳುತ್ತಾರೆ. 1870ರ ದಶಕದಲ್ಲಿ ಅಮೆರಿಕದ ಬಯಲುಗಳಿಂದ, ರಷ್ಯಾದಿಂದ ಅಗ್ಗದ ಧಾನ್ಯ ಯುರೋಪಿಗೆ ಹರಿದು ಬಂತು. ಧಾನ್ಯ ಮಾರಿ ಬದುಕುತ್ತಿದ್ದ ಡೇನಿಷ್ ರೈತನ ಬುಡ ಅಲುಗಾಡಿತು. ಅನೇಕ ದೇಶಗಳು ಆಮದು ಸುಂಕ ಏರಿಸಿ ಗೋಡೆ ಕಟ್ಟಿಕೊಂಡವು. ಡೇನರು ಅಗ್ಗದ ಧಾನ್ಯವನ್ನೇ ಕೊಂಡು ಹಸುವಿಗೂ ಹಂದಿಗೂ ತಿನ್ನಿಸಿ, ಬೆಣ್ಣೆ ಮತ್ತು ಹಂದಿಮಾಂಸವನ್ನು ಇಂಗ್ಲೆಂಡಿಗೆ ಮಾರಲು ಹೊರಟರು. ಒಂದೇ ತಲೆಮಾರಿನಲ್ಲಿ ದೇಶದ ಕೃಷಿಯ ದಿಕ್ಕೇ ಬದಲಾಯಿತು.

ಅದಕ್ಕೆ ಒದಗಿದ್ದು ಎರಡು ಸಾಧನ. ಮೊದಲನೆಯದು ಹಾಲಿನಿಂದ ಕೆನೆಯನ್ನು ನಿಲ್ಲದಂತೆ ಬೇರ್ಪಡಿಸುವ ಯಂತ್ರ. ಅದು ಬಂದದ್ದು ಆ ವರ್ಷಗಳಲ್ಲೇ. ಒಬ್ಬ ರೈತನಿಗೆ ಅದು ದುಬಾರಿ, ಊರು ಸೇರಿದರೆ ಕೈಗೆಟಕುವಂಥದ್ದು. ಎರಡನೆಯದು ಕಾಗದದ ಮೇಲೆ ಬರೆದ ಕರಾರು. ಪ್ರತಿಯೊಬ್ಬ ಸದಸ್ಯ ತನ್ನ ಮನೆ ಬಳಕೆಗೆ ಬೇಕಾದಷ್ಟು ಬಿಟ್ಟು ಉಳಿದ ಹಾಲನ್ನೆಲ್ಲ ಡೈರಿಗೇ ಕೊಡಬೇಕು; ಸಾಲಕ್ಕೆ ಎಲ್ಲರೂ ಹೊಣೆ; ಲಾಭ ಹಾಲಿನ ಅಳತೆಗೆ ತಕ್ಕಂತೆ; ಆದರೆ ಮತ ಮಾತ್ರ ತಲೆಗೊಂದು, ಹಸು ಎಷ್ಟೇ ಇರಲಿ. ಎರಡು ಹಸುವಿನ ಬಡವನೂ ಇಪ್ಪತ್ತು ಹಸುವಿನ ಸಾಹುಕಾರನೂ ಒಂದೇ ಬೆಂಚಿನ ಮೇಲೆ ಕೂರಬೇಕಾಯಿತು. 1900ರ ಹೊತ್ತಿಗೆ ದೇಶದಲ್ಲಿ ಇಂಥ ಡೈರಿಗಳು ಸಾವಿರ ದಾಟಿದ್ದವು. ಕೆನೆ ತೆಗೆದ ಹಾಲು ರೈತನ ಮನೆಗೆ ಮರಳಿ ಹಂದಿಗೆ ಆಹಾರವಾಯಿತು. 1887ರಲ್ಲಿ ಹೋರ್ಸೆನ್ಸ್ ಪಟ್ಟಣದಲ್ಲಿ ಮೊದಲ ಸಹಕಾರಿ ಕಸಾಯಿಖಾನೆಯೂ ತೆರೆಯಿತು.

ಇಷ್ಟು ಬೇಗ ಇಷ್ಟು ಜನ ಒಟ್ಟಾದರಲ್ಲ, ಆ ನಂಬಿಕೆ ಎಲ್ಲಿಂದ ಬಂತು ಎಂದು ಅಲ್ಲಿ ಯಾರನ್ನು ಕೇಳಿದರೂ ಬೆರಳು ತೋರುವುದು ಗ್ರುಂಟ್‌ವಿಗ್ ಎಂಬ ಪಾದ್ರಿ-ಕವಿಯ ಕಡೆಗೆ. ರೈತರ ಮಕ್ಕಳಿಗಾಗಿ ಪರೀಕ್ಷೆಯಿಲ್ಲದ, ಅಂಕಪಟ್ಟಿಯಿಲ್ಲದ ವಸತಿಶಾಲೆಗಳು ಬೇಕು. ಅಲ್ಲಿ ಇತಿಹಾಸ, ಹಾಡು, ಮಾತುಗಾರಿಕೆ ಕಲಿಯಬೇಕು ಎಂಬುದು ಅವನ ಕನಸು. ಅಂಥ ಮೊದಲ ಶಾಲೆ 1844ರಲ್ಲಿ ರೋಡಿಂಗ್‌ನಲ್ಲಿ ಆರಂಭವಾಯಿತು. ಚಳಿಗಾಲದ ಬಿಡುವಿನಲ್ಲಿ ಅಲ್ಲಿ ಕೂಡಿ ಹಾಡಿದ, ವಾದಿಸಿದ ಹುಡುಗರೇ ಮುಂದೆ ಡೈರಿಗಳ ಅಧ್ಯಕ್ಷರಾದರು, ಖಜಾಂಚಿಗಳಾದರು. ಈ ಶಾಲೆಗಳ ಗಾಳಿ ನಮ್ಮ ನಾಡಿಗೂ ಬೀಸಿತ್ತು. ಸ್ವಾತಂತ್ರ್ಯ ಬಂದ ಹೊತ್ತಿಗೆ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ನಂಜನಗೂಡಿನಲ್ಲಿ ತೆರೆದ ವಿದ್ಯಾಪೀಠಕ್ಕೆ ಮಾದರಿ ಇದೇ ಡೇನಿಷ್ ಶಾಲೆ. 1980ರ ದಶಕದಲ್ಲಿ ಡೆನ್ಮಾರ್ಕ್ ಸರ್ಕಾರದ ಡ್ಯಾನಿಡಾ ನೆರವಿನಿಂದ ಕರ್ನಾಟಕದ ರೈತ ಮಹಿಳೆಯರಿಗೆ ತರಬೇತಿ ಕೊಟ್ಟ ವೈಟೆಪ್ ಯೋಜನೆಯನ್ನು ನಮ್ಮ ಹಳ್ಳಿಗಳ ಹಿರಿಯ ಹೆಂಗಸರು ಇನ್ನೂ ಮರೆತಿರಲಾರರು.

ಯೆಡ್ಡಿಂಗ್‌ನಿಂದ ಸ್ವಲ್ಪ ದೂರದಲ್ಲಿ ಹೈನುಗಾರ ದಂಪತಿಯ ಮನೆ. ಕೊಟ್ಟಿಗೆಯಲ್ಲಿ ಇನ್ನೂರಕ್ಕೂ ಹೆಚ್ಚು ಹಸು. ಇಲ್ಲಿ ಇದು ಮಧ್ಯಮ ಗಾತ್ರ. ಹಾಲು ಕರೆಯುವುದು ರೋಬೋಟ್. ಹಸು ತನಗೆ ಬೇಕೆನಿಸಿದಾಗ ತಾನೇ ನಡೆದು ಬಂದು ಪೆಟ್ಟಿಗೆಯೊಳಗೆ ನಿಲ್ಲುತ್ತದೆ, ಹಿಂಡಿಯ ಆಸೆಗೆ. ಯಂತ್ರದ ತೋಳು ಲೇಸರಿನಿಂದ ಮೊಲೆತೊಟ್ಟು ಹುಡುಕಿ, ತೊಳೆದು, ಕರೆದು, ಯಾವ ಕೆಚ್ಚಲಿನಲ್ಲಿ ಬಾವು ಇದೆ ಎಂಬುದನ್ನೂ ಯಜಮಾನನ ಫೋನಿಗೆ ಕಳಿಸುತ್ತದೆ. ಇದನ್ನೆಲ್ಲ ತೋರಿಸುವಾಗ ಆತನ ಮುಖದಲ್ಲಿ ಹೆಮ್ಮೆಗಿಂತ ದಣಿವು ಹೆಚ್ಚಿತ್ತು. ಅವರು ಹಾಲು ಕೊಡುವುದು ಆರ್ಲಾ ಎಂಬ ಸಹಕಾರಿ ಸಂಸ್ಥೆಗೆ. ಹಳ್ಳಿ ಡೈರಿಗಳೆಲ್ಲ ಒಂದರೊಳಗೊಂದು ಸೇರುತ್ತ ಬೆಳೆದ ಈ ಸಂಸ್ಥೆ, 2000ದಲ್ಲಿ ಸ್ವೀಡನ್ನಿನ ಸಹಕಾರಿಯೊಂದಿಗೆ ಒಂದಾಗಿ ಗಡಿ ದಾಟಿತು. ವರ್ಷಕ್ಕೊಮ್ಮೆ ರೈತ ಇನ್ನೂರು ಚಿಲ್ಲರೆ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಮೇವು ಎಲ್ಲಿಯದು, ಗೊಬ್ಬರ ಎಷ್ಟು, ಡೀಸೆಲ್ ಎಷ್ಟು, ಕರು ಎಷ್ಟು ಸತ್ತವು. ಹವಾಮಾನಕ್ಕೆ ಹಗುರವಾದ ಹಾಲಿಗೆ 2023ರಿಂದ ಅಂಕ ಕೊಟ್ಟು ಅದಕ್ಕೆ ತಕ್ಕಂತೆ ಹೆಚ್ಚಿನ ದರ ಕೊಡುತ್ತಾರೆ.

ತೆರಿಗೆಯ ಬಗ್ಗೆ ಆತ ಸಿಟ್ಟಾಗುತ್ತಾನೆಂದು ಕಾದೆ. ಆತ ಕಾಗದ ತೆಗೆದು ಲೆಕ್ಕ ತೋರಿಸಿದ. 2030ರಲ್ಲಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲಕ್ಕೆ 300 ಕ್ರೋನರ್, 2035ಕ್ಕೆ 750. ಆದರೆ ಶೇಕಡಾ 60ರಷ್ಟು ವಿನಾಯಿತಿ ಇರುವುದರಿಂದ ಕೈಯಿಂದ ಹೋಗುವುದು ಮೊದಲು 120, ಆಮೇಲೆ 300. ಆರಂಭದ ವರ್ಷಗಳಲ್ಲಿ ವಸೂಲಾದ ಹಣ ಕೃಷಿ ವಲಯಕ್ಕೇ ಮರಳುತ್ತದೆ. ತೆರಿಗೆಯಿಂದ ತಾನು ಸಾಯುವುದಿಲ್ಲ, ಬಡ್ಡಿಯಿಂದ ಸತ್ತರೂ ಸಾಯಬಹುದು ಎಂದು ನಕ್ಕ. ಆ ನಗುವಿನ ಹಿಂದೆ ಡೇನಿಷ್ ಕೃಷಿಯ ದೊಡ್ಡ ಗಂಟು ಇದೆ. ಅಲ್ಲಿ ಜಮೀನು ಮಗನಿಗೋ ಮಗಳಿಗೋ ಹಾಗೇ ಇಳಿದು ಬರುವುದಿಲ್ಲ. ಅಪ್ಪನಿಂದ ಮಗಳು ಅದನ್ನು ಸಾಲ ಮಾಡಿ ಕೊಳ್ಳುವುದೇ ವಾಡಿಕೆ. ಅಪ್ಪನ ಪಿಂಚಣಿ ಆ ಹಣದಲ್ಲೇ ಇರುತ್ತದೆ. ಹೀಗೆ ಪ್ರತಿ ತಲೆಮಾರೂ ಅದೇ ಹೊಲವನ್ನು ಮತ್ತೆ ಕೊಳ್ಳುತ್ತದೆ, ಮತ್ತೆ ಅಡವಿಡುತ್ತದೆ. ಕೊಳ್ಳಲು ಸಾಧ್ಯವಾಗುವಷ್ಟು ಚಿಕ್ಕದಾಗಿ ಯಾವ ಹೊಲವೂ ಉಳಿದಿಲ್ಲ. ಕೃಷಿ ಶಾಲೆಯಲ್ಲಿ ಓದುತ್ತಿದ್ದ ಅವರ ಮಗಳಿಗೆ ಹಸು ಸಾಕುವುದು ಇಷ್ಟ, ಇಷ್ಟೊಂದು ಹಸು ಸಾಕುವುದು ಇಷ್ಟವಿಲ್ಲ. ಈಗಿನ ಅರ್ಧದಷ್ಟು ಹಸು, ಹುಲ್ಲುಗಾವಲು, ಮನೆಯಲ್ಲೇ ಗಿಣ್ಣು ತಯಾರಿ ಅವಳ ಲೆಕ್ಕ. ಬ್ಯಾಂಕಿನವರಿಗೆ ಆ ಲೆಕ್ಕ ಸರಿಬರುವುದಿಲ್ಲ ಎಂಬುದು ಅವಳ ತಾಯಿಯ ಚಿಂತೆ.

ಅಲ್ಲಿಂದ ಉತ್ತರಕ್ಕೆ ಸ್ಕ್ಯೆರ್ನ್ ನದಿ. ನೀರಿನ ಮೊತ್ತದಲ್ಲಿ ದೇಶದ ಅತಿ ದೊಡ್ಡ ನದಿಯಾದರೂ ಕಾವೇರಿ, ಕೃಷ್ಣೆ ಕಂಡವರಿಗೆ ಹಳ್ಳ. ಅದರ ದಂಡೆಯ ಮೇಲೆ ನಡೆಯುವುದೆಂದರೆ ಹಿಂದೊಮ್ಮೆ ರೈತರು ಕಂಡ ಕನಸಿನೊಳಗೆ ನಡೆದಂತೆ. 1962ರಿಂದ 1968ರವರೆಗೆ ಈ ನದಿಯನ್ನು ನೇರ ಕಾಲುವೆಯಾಗಿ ಕಡಿದು, ಸುತ್ತಲಿನ ನಾಲ್ಕು ಸಾವಿರ ಹೆಕ್ಟೇರ್ ಜೌಗನ್ನು ಪಂಪು ಹಚ್ಚಿ ಒಣಗಿಸಿ ಉತ್ತರು. ಆ ಕಾಲಕ್ಕೆ ದೇಶದ ಹೆಮ್ಮೆಯ ಯೋಜನೆಯದು. ಆದರೆ ಒಣಗಿದ ಜೌಗುಮಣ್ಣು ವರ್ಷದಿಂದ ವರ್ಷಕ್ಕೆ ಕುಸಿಯಿತು. ಕೆಂಪು ಕಬ್ಬಿಣದ ಕೆಸರು ನೀರಿಗೆ ಸೇರಿ ಕೆಳಗಿನ ಹಿನ್ನೀರನ್ನು ಕೆಡಿಸಿತು. ಈ ನದಿಗೇ ವಿಶಿಷ್ಟವಾದ ಸಾಲ್ಮನ್ ಮೀನಿನ ಕುಲ ಅಳಿವಿನ ಅಂಚಿಗೆ ಬಂತು. 1987ರಲ್ಲಿ ಸಂಸತ್ತು ನದಿಯನ್ನು ಮರಳಿ ಬಳುಕಲು ಬಿಡುವ ತೀರ್ಮಾನಕ್ಕೆ ಬಂತು. 1999ರಿಂದ 2002ರ ನಡುವೆ, ಮೂವತ್ತು ವರ್ಷ ಹಿಂದೆ ನೆಟ್ಟಗೆ ಮಾಡಿದ ಹೊಳೆಯನ್ನು ಅದೇ ಜೆಸಿಬಿಗಳ ಮೊಮ್ಮಕ್ಕಳು ಸೊಟ್ಟ ಮಾಡಿದರು. ಸುಮಾರು 2,200 ಹೆಕ್ಟೇರ್ ಮತ್ತೆ ಜೌಗಾಯಿತು, ಸಾಲ್ಮನ್ ಮರಳಿತು, ಹಕ್ಕಿ ನೋಡುವವರು ಬಂದರು.

ದಂಡೆಯಲ್ಲಿ ಮಾತಿಗೆ ಸಿಕ್ಕ ಹಿರಿಯ ರೈತನ ಜಮೀನೂ ಆಗ ಹೋಗಿತ್ತು. ಅವನ ಅಪ್ಪ ಆ ಕಾಲುವೆ ತೋಡುವುದನ್ನು ಕಣ್ಣಲ್ಲಿ ನೀರು ತುಂಬಿಕೊಂಡು ನೋಡಿದವನಂತೆ, ಸಂತೋಷದಿಂದ. ಮಗ ಅದೇ ಕಾಲುವೆ ಮುಚ್ಚುವ ಪತ್ರಕ್ಕೆ ಸಹಿ ಹಾಕಿದ. ಸಹಿ ಹಾಕಿಸಿದ್ದು ಬರೀ ಪರಿಹಾರದ ಹಣವಲ್ಲ. ಸರ್ಕಾರ ಬೇರೆ ಕಡೆ ಜಮೀನು ಕೊಂಡು, ಹತ್ತಾರು ರೈತರನ್ನು ಕೂರಿಸಿ, ನಿನ್ನ ಈ ತುಂಡಿಗೆ ಆ ತುಂಡು ಎಂದು ಕೊಡುಕೊಳ್ಳುವಿಕೆ ಮಾಡಿಸಿತು. ಮನೆಯ ಹತ್ತಿರಕ್ಕೆ ಒಳ್ಳೆಯ ನೆಲ ಬಂದದ್ದರಿಂದ ಆತ ಒಪ್ಪಿದ. ನನ್ನ ಪ್ರಶ್ನೆಗೆ ಮಾತ್ರ ಆತ ಉತ್ತರ ಕೊಡಲಿಲ್ಲ. ಇಪ್ಪತ್ತು ವರ್ಷದ ಮುಂದಿನ ಮಾತನ್ನು ಅಪ್ಪನ ಕಾಲದಲ್ಲಿ ಬಹಳ ಖಚಿತವಾಗಿ ಹೇಳಿದ್ದರು ಎಂದಷ್ಟೇ ಅಂದ.

ಪೂರ್ವದ ಕಡೆಗೆ ಬಂದರೆ ಮಣ್ಣು ಗಟ್ಟಿಯಾಗುತ್ತದೆ, ನೆಲ ಸಣ್ಣಗೆ ಏರಿಳಿಯುತ್ತದೆ, ಹಂದಿ ಸಾಕಣೆಯ ಉದ್ದನೆಯ ಶೆಡ್ಡುಗಳು ಕಾಣತೊಡಗುತ್ತವೆ. ಅರವತ್ತು ಲಕ್ಷ ಜನರ ದೇಶ ವರ್ಷಕ್ಕೆ ಮೂರು ಕೋಟಿಯ ಆಸುಪಾಸು ಹಂದಿಗಳನ್ನು ಹುಟ್ಟಿಸುತ್ತದೆ. ಶೆಡ್ಡುಗಳಲ್ಲಿ ದುಡಿಯುವವರು ಬಹುಪಾಲು ಉಕ್ರೇನ್, ರೊಮೇನಿಯಾಗಳಿಂದ ಬಂದ ಯುವಕರು. ಹೋರ್ಸೆನ್ಸ್‌ನಲ್ಲಿ ರೈತರದೇ ಸಹಕಾರಿಯಾದ ಡೇನಿಷ್ ಕ್ರೌನ್ ನಡೆಸುವ ಬೃಹತ್ ಕಸಾಯಿಖಾನೆಯಿದೆ. ಅದನ್ನು ಮುಚ್ಚಿಡದೆ, ಮೇಲಿನ ಗಾಜಿನ ಓಣಿಯಿಂದ ಎಲ್ಲವನ್ನೂ ನೋಡಲು ಶಾಲಾ ಮಕ್ಕಳನ್ನೂ ಬಿಡುತ್ತಾರೆ. ಆದರೂ ಈ ಉದ್ಯಮದ ನೆಲ ಕುಸಿಯುತ್ತಿದೆ. ಹುಟ್ಟಿದ ಮರಿಗಳಲ್ಲಿ ಅರ್ಧದಷ್ಟು ಮೂವತ್ತು ಕಿಲೋ ತೂಗುವ ಹೊತ್ತಿಗೆ ಲಾರಿ ಹತ್ತಿ, ಬಹುಪಾಲು ಪೋಲೆಂಡಿಗೆ ಹೋಗುತ್ತವೆ. ಅಲ್ಲಿ ಕೂಲಿ ಕಡಿಮೆ. ಹೀಗೆ ಕೆಲಸ ಸಿಗದೆ 2024ರಲ್ಲಿ ರಿಂಗ್‌ಸ್ಟೆಡ್‌ನ ಕಸಾಯಿಖಾನೆ ಮುಚ್ಚಿ 1,200 ಜನ ಕೆಲಸ ಕಳೆದುಕೊಂಡರು.

ಹೋರ್ಸೆನ್ಸ್‌ನಿಂದ ಕೆಲವೇ ಮೈಲಿ ದಕ್ಷಿಣಕ್ಕೆ ವೈಲೆ ಕೊಲ್ಲಿ. 2024ರ ಏಪ್ರಿಲ್‌ನಲ್ಲಿ ಜನ ಆ ಕೊಲ್ಲಿಗೆ ಶವಸಂಸ್ಕಾರ ಮಾಡಿದರು. ಶೋಕದ ಮಾತು, ಹಾಡು ಎಲ್ಲವೂ ಇತ್ತು. ಹೊಲಗಳಿಂದ ಬಸಿದ ಸಾರಜನಕ ಪಾಚಿಯನ್ನು ಬೆಳೆಸಿ, ಪಾಚಿ ಕೊಳೆತು ಆಮ್ಲಜನಕ ತಿಂದು, ತಳದ ಜೀವಗಳೆಲ್ಲ ಸತ್ತಿವೆ ಎಂಬುದು ಅವರ ದೂರು. 2023 ಡೆನ್ಮಾರ್ಕಿನ ದಾಖಲೆಯಲ್ಲೇ ಅತಿ ಹೆಚ್ಚು ಮಳೆಯ ವರ್ಷ. ಸುರಿದದ್ದು 970 ಮಿಲಿಮೀಟರ್ ಚಿಲ್ಲರೆ. ಉಡುಪಿಯಲ್ಲಿ ಅಷ್ಟು ಮಳೆ ಜುಲೈ ಒಂದೇ ತಿಂಗಳಲ್ಲಿ ಬರುತ್ತದೆ ಎಂದಾಗ ಅಲ್ಲಿಯ ಹಂದಿ ಸಾಕಣೆಗಾರ ನಂಬಲಿಲ್ಲ. ಗೊಬ್ಬರ ಬಿದ್ದ ಬೋಳು ಹೊಲದ ಮೇಲೆ ಚಳಿಗಾಲವಿಡೀ ನಿಂತ ಆ ಮಳೆಯೇ ಕೊಲ್ಲಿಯನ್ನು ಕೊಂದಿತು ಎಂದು ಆತ ತನ್ನ ಪಕ್ಷ ಮಂಡಿಸಿದ. ಹಾಗಾದರೆ ಚಳಿಗಾಲದಲ್ಲಿ ಹೊಲ ಬೋಳಾಗಿ ಇರಬಾರದಲ್ಲ ಎಂದೆ. ಆತ ತಲೆಯಾಡಿಸಿ ಹುಲ್ಲಿನ ಮಾತು ತೆಗೆದ.

ಆತ ಕಾಣುವ ನಾಳೆ ಹುಲ್ಲಿನದು. ವಿಬೊರ್ ಪಟ್ಟಣದ ಬಳಿಯ ಫೌಲುಮ್‌ನಲ್ಲಿ ಆರ್ಹುಸ್ ವಿಶ್ವವಿದ್ಯಾಲಯದವರು ಕ್ಲೋವರ್ ಬೆರೆತ ಹಸಿ ಹುಲ್ಲನ್ನು ಹಿಂಡಿ, ರಸದಿಂದ ಪ್ರೋಟೀನ್ ಬೇರ್ಪಡಿಸುವ ಘಟಕ ನಡೆಸುತ್ತಿದ್ದಾರೆ. ಹಸುವಿನಂತೆ ಮೆಲುಕು ಹಾಕಲಾರದ ಹಂದಿ, ಕೋಳಿಗಳು ಆ ಪ್ರೋಟೀನನ್ನು ಅರಗಿಸಿಕೊಳ್ಳುತ್ತವೆ. ಹಿಂಡಿ ಉಳಿದ ನಾರನ್ನು ಹಸು ತಿನ್ನುತ್ತದೆ. ವರ್ಷವಿಡೀ ನೆಲ ಹೊದ್ದಿರುವ ಹುಲ್ಲು ಸಾರಜನಕವನ್ನು ಬೇರಲ್ಲೇ ಹಿಡಿದಿಡುತ್ತದೆ. ಬ್ರೆಜಿಲ್, ಅರ್ಜೆಂಟೀನಾಗಳಿಂದ ಹಡಗಿನಲ್ಲಿ ಬರುವ ಸೋಯಾ ಬೇಡಿಕೆಯೂ ಅಷ್ಟು ತಗ್ಗುತ್ತದೆ. ಸಗಣಿ, ಗಂಜಲ ಈಗಾಗಲೇ ಬಯೋಗ್ಯಾಸ್ ಆಗಿ ದೇಶದ ಕೊಳವೆಜಾಲ ಸೇರುತ್ತಿದೆ. ಅಲ್ಲಿ ಹರಿಯುವ ಅನಿಲದಲ್ಲಿ ಅದರ ಪಾಲು ದೊಡ್ಡದು. ಹಂದಿ ಕಡಿಮೆಯಾಗಬೇಕಾದ ಅಗತ್ಯವೇ ಇಲ್ಲ, ಯಂತ್ರ ಎಲ್ಲವನ್ನೂ ಸರಿಮಾಡೀತು ಎಂಬುದು ಆತನ ನಂಬಿಕೆ. ಯಂತ್ರಕ್ಕಿಂತ ಮುಂಚೆ ಅವಸರಪಟ್ಟರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ನಾನು ಹೋದ ವರ್ಷವೇ ಒದಗಿತು. ಹಸುವಿನ ಹೊಟ್ಟೆಯ ಮೀಥೇನ್ ತಗ್ಗಿಸುವ ಪುಡಿಯೊಂದನ್ನು ದೊಡ್ಡ ಮಂದೆಗಳಿಗೆ ವರ್ಷಕ್ಕೆ ಕನಿಷ್ಠ 80 ದಿನ ತಿನ್ನಿಸುವುದನ್ನು ನಿಯಮದೊಳಗೆ ತಂದಿದ್ದರು. 2025ರ ಶರತ್ಕಾಲದಲ್ಲಿ ಹಸುಗಳು ಮೇವು ಬಿಟ್ಟವು, ಹಾಲು ಇಳಿಯಿತು ಎಂದು ಅನೇಕ ರೈತರು ದೂರಿದರು. ಹಲವರು ತಿನ್ನಿಸುವುದನ್ನೇ ನಿಲ್ಲಿಸಿದರು.

ಇನ್ನು ಆರಂಭದಲ್ಲಿ ಹೇಳಿದ ಆ ಪ್ರಸಿದ್ಧ ಒಪ್ಪಂದ. ತೆರಿಗೆ ಅದರ ಸಣ್ಣ ತುದಿ ಮಾತ್ರ. ಉಳಿದದ್ದೆಲ್ಲ ನೆಲದ ಮಾತು. ಸರ್ಕಾರ, ಕೃಷಿ ಮತ್ತು ಆಹಾರ ಮಂಡಳಿ, ನಿಸರ್ಗ ಸಂರಕ್ಷಣಾ ಸಂಘ, ಕೈಗಾರಿಕೆಗಳ ಒಕ್ಕೂಟ, ಆಹಾರ ಉದ್ಯಮದ ಕಾರ್ಮಿಕ ಸಂಘ, ಸ್ಥಳೀಯ ಸಂಸ್ಥೆಗಳ ಒಕ್ಕೂಟ ಎಲ್ಲವೂ ಕೂತು ಬರೆದ ಇದನ್ನು ಹಸಿರು ತ್ರಿಪಕ್ಷ ಒಪ್ಪಂದ ಎಂದು ಕರೆಯುತ್ತಾರೆ. ಎರಡೂವರೆ ಲಕ್ಷ ಹೆಕ್ಟೇರಿನಲ್ಲಿ ಹೊಸ ಕಾಡು, ಇಂಗಾಲ ತುಂಬಿದ 1,40,000 ಹೆಕ್ಟೇರ್ ತಗ್ಗುಭೂಮಿಯನ್ನು ಉಳುಮೆಯಿಂದ ಬಿಡಿಸುವುದು, ಇದಕ್ಕೆಲ್ಲ ಸುಮಾರು 43 ಶತಕೋಟಿ ಕ್ರೋನರ್ ನಿಧಿ. ಎರಡು ದಶಕಗಳಲ್ಲಿ ದೇಶದ ನೆಲದ ಹತ್ತರಲ್ಲೊಂದು ಪಾಲು ಹೊಲವಾಗಿದ್ದದ್ದು ಕಾಡು, ಜೌಗು ಆಗಬೇಕು. 2024ರ ನವೆಂಬರ್‌ನಲ್ಲಿ ಸಂಸತ್ತಿನ ಬಹುಮತದ ಪಕ್ಷಗಳು ಒಪ್ಪಿದವು. ಯಾವ ಹೊಲ, ಯಾರ ಹೊಲ ಎಂಬುದನ್ನು ರಾಜಧಾನಿ ಹೇಳಲಿಲ್ಲ. ಅದನ್ನು ನಿರ್ಧರಿಸಲು 23 ಸ್ಥಳೀಯ ತ್ರಿಪಕ್ಷ ಸಮಿತಿಗಳಾದವು. ಅವುಗಳಲ್ಲೂ ರೈತರು, ಪರಿಸರದವರು, ನಗರಸಭೆಯವರು.

ಅಂಥದೊಂದು ಮಾತುಕತೆ ನಡೆದ ಹಳ್ಳಿಯ ಸಭಾಭವನದಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಕಾಫಿ, ಕೇಕು, ಗೋಡೆಯ ಮೇಲೆ ನಕ್ಷೆ. ತಗ್ಗು ಜಾಗಗಳಿಗೆ ಒಂದು ಬಣ್ಣ, ಕುಡಿಯುವ ನೀರಿನ ಅಂತರ್ಜಲಕ್ಕೆ ಒಂದು ಬಣ್ಣ, ಕಾಡಿಗೆ ಇನ್ನೊಂದು. ನಕ್ಷೆ ಬಂದ ಕೂಡಲೇ ಎಲ್ಲರೂ ಮುಂದೆ ಬಾಗಿ ಹುಡುಕಿದ್ದು ತಮ್ಮ ತಮ್ಮ ಹೊಲವನ್ನು. ನಾವು ಬೆಳೆಯದಿದ್ದರೆ ಅದನ್ನೇ ಪೋಲೆಂಡಿನಲ್ಲಿ, ಬ್ರೆಜಿಲ್ಲಿನಲ್ಲಿ ಬೆಳೆಯುತ್ತಾರೆ, ಆಕಾಶಕ್ಕೇನು ಗಡಿ ಇದೆಯೇ ಎಂದು ಒಬ್ಬ ಕೇಳಿದ. ಪರಿಹಾರ ಒಮ್ಮೆ ಸಿಗುತ್ತದೆ, ಕಾಡು ಎಂದೆಂದಿಗೂ ಇರುತ್ತದೆ, ಅದರ ಮೇಲಿನ ಸಾಲ ಯಾರ ತಲೆಗೆ ಎಂದು ಇನ್ನೊಬ್ಬ. ಸುಸ್ಥಿರ ಕೃಷಿ ಎಂಬ ಹೆಸರಿನ ರೈತ ಸಂಘವೊಂದು ಈ ಒಪ್ಪಂದವನ್ನೇ ವಿರೋಧಿಸುತ್ತಿದೆ. ಅದರ ಬೆಂಬಲಿಗರೂ ಅಲ್ಲಿದ್ದರು. ಸೌರಫಲಕಗಳಿಗೆ ಹೊಲ ಗುತ್ತಿಗೆ ಕೊಟ್ಟು ಊರು ಬಿಟ್ಟವರ ಬಗ್ಗೆ ಕಹಿಯಾದ ಮಾತು ಬಂತು. ಅಂಥ ಹೊಲಗಳನ್ನು ಜನ ಕಬ್ಬಿಣದ ಹೊಲ ಎನ್ನುತ್ತಾರೆ. 2025ರ ನವೆಂಬರಿನ ಸ್ಥಳೀಯ ಚುನಾವಣೆಯಲ್ಲಿ ಕಬ್ಬಿಣದ ಹೊಲ ಬೇಡ ಎಂಬುದೇ ಘೋಷಣೆಯಾಯಿತು. ಯಾರೂ ಕೂಗಾಡಲಿಲ್ಲ, ಯಾರೂ ಪೂರ್ತಿ ಒಪ್ಪಲೂ ಇಲ್ಲ. ಎದ್ದು ಹೋಗುವ ಮುನ್ನ ಮುಂದಿನ ಸಭೆಯ ದಿನ ಗೊತ್ತುಮಾಡಿದರು.

ಹೌ ಬಂದರಿನಿಂದ ದೋಣಿ ಹತ್ತಿ ಸಾಮ್ಸೊಗೆ ಹೋದರೆ ಒಂದು ನಾಳೆ ಆಗಲೇ ಹಳತಾಗಿರುವುದು ಕಾಣುತ್ತದೆ. 114 ಚದರ ಕಿಲೋಮೀಟರಿನ ಈ ದ್ವೀಪ 1990ರ ದಶಕದಲ್ಲಿ ತನ್ನ ಕಸಾಯಿಖಾನೆ ಮುಚ್ಚಿ ನೂರರಷ್ಟು ಉದ್ಯೋಗ ಕಳೆದುಕೊಂಡಿತ್ತು. 1997ರಲ್ಲಿ ಸರ್ಕಾರದ ಸ್ಪರ್ಧೆಯಲ್ಲಿ ಗೆದ್ದು ನವೀಕರಿಸಬಹುದಾದ ಶಕ್ತಿಯ ದ್ವೀಪವಾಗುವ ಹೊಣೆ ಹೊತ್ತಿತು. 2000ದಲ್ಲಿ ನೆಲದ ಮೇಲೆ 11 ಗಾಳಿಯಂತ್ರ, ಕೆಲವೇ ವರ್ಷದಲ್ಲಿ ಕಡಲಲ್ಲಿ 10. ನೆಲದ ಮೇಲಿನವುಗಳಲ್ಲಿ ಒಂಬತ್ತು ಆಯಾ ರೈತರದೇ. ಎರಡು ಊರವರು ಪಾಲು ಹಾಕಿ ಕೊಂಡವು. ನಿನ್ನ ಪಾಲು ಅದರಲ್ಲಿದ್ದರೆ ಗಾಳಿಯಂತ್ರದ ಸದ್ದು ಕೇಳುವುದಿಲ್ಲ ಎಂಬ ತಮಾಷೆ ದ್ವೀಪದಲ್ಲಿ ಪ್ರಚಲಿತ. ಹೊಲದಲ್ಲಿ ಉಳಿಯುವ ಗೋಧಿಯ ಒಣಹುಲ್ಲನ್ನು ಊರಿನ ಕುಲುಮೆಗೆ ಮಾರುತ್ತಾರೆ. ಅಲ್ಲಿ ಕಾದ ನೀರು ಕೊಳವೆಯಲ್ಲಿ ಮನೆಮನೆಗೆ ಹೋಗಿ ಚಳಿ ಕಳೆಯುತ್ತದೆ.

ಅಲ್ಲಿ ಸಿಕ್ಕ ತರಕಾರಿ ಬೆಳೆಗಾತಿಗೆ ಹೊಲ ಸ್ವಂತದ್ದಲ್ಲ. ಸಾವಯವ ಕೃಷಿಗೆ 1987ರಲ್ಲೇ ಕಾನೂನು ಮಾಡಿದ ದೇಶವಿದು; ಕೋಪನ್‌ಹೇಗನ್ ನಗರಸಭೆ ತನ್ನ ಶಾಲೆ, ಶಿಶುವಿಹಾರಗಳ ಅಡುಗೆಯಲ್ಲಿ ಶೇಕಡಾ 90ರಷ್ಟು ಸಾವಯವದ ಗುರಿ ಇಟ್ಟುಕೊಂಡಿತು. 2023ರಲ್ಲಿ ಸಸ್ಯಾಹಾರಕ್ಕಾಗಿಯೇ ರಾಷ್ಟ್ರೀಯ ಕಾರ್ಯಯೋಜನೆಯನ್ನೂ ಡೆನ್ಮಾರ್ಕ್ ಹೊರಡಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಮಾರುಕಟ್ಟೆ ಇದೆ, ನೆಲ ಇಲ್ಲ ಎಂಬುದು ಆಕೆಯ ಗೋಳು. ಆಕೆ ಆಸೆಗಣ್ಣಿನಿಂದ ನೋಡುವುದು ಆಂಡೆಲ್ಸ್‌ಗೋರ್ಡೆ ಎಂಬ ಸಂಘದ ಕಡೆಗೆ. ಪಟ್ಟಣದ ಜನ ತಿಂಗಳಿಗೆ ಸ್ವಲ್ಪ ಸ್ವಲ್ಪ ಕಟ್ಟಿ, ಎಲ್ಲರೂ ಸೇರಿ ಜಮೀನು ಕೊಂಡು, ಅದನ್ನು ಮಾರಾಟದಿಂದ ಶಾಶ್ವತವಾಗಿ ಹೊರಗಿಟ್ಟು, ಬೆಳೆಯಬಲ್ಲವರಿಗೆ ಕೊಡುತ್ತಾರೆ. ಜಮೀನನ್ನು ಪ್ರತಿ ತಲೆಮಾರೂ ಮತ್ತೆ ಕೊಳ್ಳುವ ಸುಳಿಯಿಂದ ಹೊರಬರಲು ಆಕೆಗೆ ಕಾಣುವ ದಾರಿ ಇದೊಂದೇ. ಯೆಡ್ಡಿಂಗ್‌ನವರು ಹಾಲಿಗೆ ಮಾಡಿದ್ದನ್ನು ಇವರು ಮಣ್ಣಿಗೆ ಮಾಡಹೊರಟಿದ್ದಾರೆ.

ಒಟ್ಟು ಕೂಡಿಸಿ ನೋಡಿದರೆ ಡೇನಿಷ್ ರೈತರ ಕಣ್ಣಲ್ಲಿ ನಾಳೆಯ ಒಂದೇ ಚಿತ್ರವಿಲ್ಲ. ಒಬ್ಬನಿಗೆ ಹುಲ್ಲು ಹಿಂಡುವ ಕಾರ್ಖಾನೆ, ಒಬ್ಬಳಿಗೆ ಅರ್ಧದಷ್ಟು ಹಸು, ಇನ್ನೊಬ್ಬನಿಗೆ ಕಾಡಾಗಿ ಹೋಗುವ ಅಪ್ಪನ ಹೊಲ. ಅವರು ಸಂತರೂ ಅಲ್ಲ. ಸಹಕಾರಿಗಳು ಬೆಳೆದಷ್ಟೂ ರೈತರು ಕರಗಿದರು. ತಲೆಗೊಂದು ಮತ ಉಳಿಯಿತು, ತಲೆಗಳೇ ಕಡಿಮೆಯಾದವು. ಆದರೆ ಅವರ ಚಿತ್ರಗಳು ಬೇರೆಬೇರೆಯಾದರೂ ಅವುಗಳ ಜಗಳ ನಡೆಯುವ ಜಾಗ ಒಂದಿದೆ, ಅದರಲ್ಲಿ ಅವರಿಗೆ ಕುರ್ಚಿ ಇದೆ. ಆ ಕುರ್ಚಿಯನ್ನು 1882ರಲ್ಲಿ ಅವರೇ ಮಾಡಿಕೊಂಡರು. ರೋಬೋಟನ್ನು ಹಣ ಕೊಟ್ಟು ಯಾರು ಬೇಕಾದರೂ ತರಬಹುದು. ಇಂಥ ಸಭೆಯನ್ನು ಆಮದು ಮಾಡಿಕೊಳ್ಳಲಾಗದು.

ನಮ್ಮಲ್ಲಿ ಆ ಕುರ್ಚಿ ಇಲ್ಲವೆಂದಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ಸಹಕಾರಿ ಕಾಯ್ದೆಯಡಿ ದೇಶದ ಮೊದಮೊದಲ ಸಂಘಗಳಲ್ಲೊಂದು. ಇಂದು ಕರ್ನಾಟಕದ ಹಾಲು ಸಂಘಗಳಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ಪಾದಕರಿದ್ದಾರೆ. ಡೆನ್ಮಾರ್ಕಿನ ಒಟ್ಟು ರೈತರ ಹತ್ತಾರು ಪಟ್ಟು. ನಮ್ಮ ಸರ್ವಸದಸ್ಯರ ಸಭೆಗಳು ಜಮಾಖರ್ಚು ಓದಿ, ಬೋನಸ್ ಘೋಷಿಸಿ, ಊಟಕ್ಕೆ ಏಳುತ್ತವೆ. ಮೇವಿನ ಬಿಕ್ಕಟ್ಟು, ಬತ್ತುವ ಕೊಳವೆಬಾವಿ, ಹಾಲು ಕರೆಯಲು ಉಳಿಯದ ಮಕ್ಕಳು ಯಾವ ಕಾರ್ಯಸೂಚಿಯಲ್ಲೂ ಇಲ್ಲ. ನೀವು ಸಂಘದ ಸದಸ್ಯರಾಗಿದ್ದರೆ ಈ ವರ್ಷದ ಸಭೆಗೆ ಮುಂಚೆ ಕಾರ್ಯದರ್ಶಿಗೆ ಒಂದು ಅರ್ಜಿ ಕೊಡಿ. ಮೇವು, ನೀರು, ಮುಂದಿನ ಪೀಳಿಗೆ ಈ ಮೂರನ್ನು ಚರ್ಚೆಗೆ ತರಬೇಕೆಂದು ಕೇಳಿ, ಆದ ಮಾತನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ಸಭೆಯ ದಿನ ಗೊತ್ತುಮಾಡಿಸಿಕೊಂಡೇ ಎದ್ದು ಬನ್ನಿ.